ಪೆಟ್ಟಿ ಚರಕ: ನೋಡಲು ಮಾತ್ರವಲ್ಲ, ನೂಲಲು ಕೊಳ್ಳುವವರಿಗೆ

ಮುಚ್ಚಿದರೆ ಕೈಪೆಟ್ಟಿಗೆ, ತೆರೆದರೆ ರಾಟೆ. ದಾವಣಗೆರೆಯಲ್ಲಿ ಆಗಸ್ಟ್ 15ರ ರೂಪಕಕ್ಕೆಂದು ಇದನ್ನು ತರಿಸುವ ಶಾಲೆಗಳಿಗೂ ಮಹಿಳಾ ಸಂಘಗಳಿಗೂ ಒಂದು ಮಾತು: ಚಕ್ರ ತಿರುಗಿದರೆ ಸಾಲದು, ನೂಲು ಬರಬೇಕು. ಸರಿಯಾಗಿ ಹೊಂದಿಸಿದರೆ ಈ ಚರಕ ಚೆನ್ನಾಗಿಯೇ ನೂಲುತ್ತದೆ.

ಒಳಗೆ ಎರಡು ಚಕ್ರ. ದೊಡ್ಡದರಿಂದ ಚಿಕ್ಕದಕ್ಕೆ ಒಂದು ದಾರ, ಚಿಕ್ಕದರಿಂದ ಕದಿರಿಗೆ, ಅಂದರೆ ನೂಲು ಸುತ್ತಿಕೊಳ್ಳುವ ಚೂಪು ಕಡ್ಡಿಗೆ, ಮತ್ತೊಂದು. ಕೊಳ್ಳುವ ಮುಂಚೆ ನಿಧಾನವಾಗಿ ತಿರುಗಿಸಿ ಕದಿರಿನ ತುದಿಯನ್ನೇ ನೋಡಿ. ತುದಿ ನಡುಗಿದರೆ ಕದಿರು ಬಾಗಿದೆ. ಎಳೆ ಪದೇ ಪದೇ ಹರಿಯುತ್ತದೆ, ಬೇರೆ ಕದಿರು ಕೇಳಿ. ದಾರದ ಗಂಟು ದಪ್ಪವಿದ್ದರೆ ಪ್ರತಿ ಸುತ್ತಿಗೂ ಜರ್ಕ್ ಹೊಡೆಯುತ್ತದೆ. ಎಣ್ಣೆ ಕದಿರು ಕೂರುವ ಜಾಗಕ್ಕೆ ಒಂದೇ ಹನಿ. ದಾರಕ್ಕೆ ತಗುಲಿದರೆ ಅದು ಜಾರುತ್ತದೆ.

ದಿಂಬಿನ ಹತ್ತಿಯಿಂದ ಹಂಜಿ (ನೂಲಲು ಸುತ್ತಿಟ್ಟ ಹತ್ತಿಯ ಬತ್ತಿ) ಮಾಡಬೇಡಿ, ಎಳೆ ಏಳುವುದಿಲ್ಲ. ಚೆನ್ನಾಗಿ ಹಿಂಜಿದ ಹತ್ತಿಯ ಹಂಜಿಯೇ ಬೇಕು, ಅದನ್ನೂ ಹಗುರವಾಗಿ ಹಿಡಿಯಬೇಕು. ಬಲಗೈ ಚಕ್ರ ತಿರುಗಿಸುತ್ತಿದ್ದಂತೆ ಎಡಗೈ ಕದಿರಿನ ತುದಿಯಿಂದ ಓರೆಯಾಗಿ ಹಿಂದಕ್ಕೆ ಎಳೆಯಬೇಕು. ತೋಳಿನುದ್ದ ಬಂದ ಮೇಲೆ ಇನ್ನೂ ಕೆಲವು ಸುತ್ತು ಹುರಿ ಕೊಟ್ಟು, ಚಕ್ರವನ್ನು ತುಸು ಹಿಂದಕ್ಕೆ ತಿರುಗಿಸಿ, ನೂಲನ್ನು ಕದಿರಿಗೆ ಅಡ್ಡಲಾಗಿ ಹಿಡಿದು ಸುತ್ತಿಕೊಳ್ಳಬೇಕು. ಹುರಿ ಕಡಿಮೆಯಾದರೆ ನೂಲು ಬಿಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಸುರುಳಿಗಟ್ಟುತ್ತದೆ.

ಈ ಕೆಲಸ ಕೈಗೆ ಹತ್ತಿದ ಮೇಲೆಯೇ ಸ್ವಾತಂತ್ರ್ಯ ಹೋರಾಟದಲ್ಲಿ ಹೆಂಗಸರ ಪಾಲು ಎಷ್ಟೆಂದು ತಿಳಿಯುವುದು. 1924ರ ಬೆಳಗಾವಿ ಅಧಿವೇಶನದ ನಂತರ ಕಾಂಗ್ರೆಸ್ ಸದಸ್ಯತ್ವಕ್ಕೆ ತಿಂಗಳಿಗೆ 2000 ಗಜ ಕೈನೂಲು ಬೇಕಾಯಿತು. ಗಂಟೆಗೆ 200 ಗಜ ನೂತರೂ 10 ಗಂಟೆ, ಅದೂ ಅಡುಗೆ, ನೀರು, ಮಕ್ಕಳ ಕೆಲಸವೆಲ್ಲ ಮುಗಿದ ಮೇಲೆ. ನೂಲಲು ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನು ಕೊಡಲೂ ಅವಕಾಶವಿತ್ತು. ಹಾಗೆ ಇನ್ನೊಬ್ಬರ ಲೆಕ್ಕಕ್ಕೆ ಸೇರಿದ ಲಡಿಯ (ನೂಲಿನ ಕಟ್ಟಿನ) ಮೇಲೆ ನೂತವಳ ಹೆಸರಿರುವುದಿಲ್ಲ.

ರೂಪಕ ಮಾಡುವವರು ಕಾಲವನ್ನೂ ಗಮನಿಸಬೇಕು. ಪೆಟ್ಟಿ ಚರಕ 1930ರ ದಶಕದ್ದು. ಗಾಂಧೀಜಿ ಯರವಡಾ ಜೈಲಿನಲ್ಲಿ ಬಳಸುತ್ತ ತಿದ್ದಿದ್ದರಿಂದ ಯರವಡಾ ಚಕ್ರವೆಂದೂ ಕರೆಯುತ್ತಾರೆ. 1925ರ ದೃಶ್ಯಕ್ಕೆ ದೊಡ್ಡ ಚಕ್ರದ ರಾಟೆಯೇ ಸರಿ. 1938ರಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹಕ್ಕೆ ಹೋದ ನಮ್ಮ ದಾವಣಗೆರೆಯ ಹೋರಾಟಗಾರ್ತಿ ಬಳ್ಳಾರಿ ಸಿದ್ದಮ್ಮನವರ ಪಾತ್ರದ ಪಕ್ಕದಲ್ಲಾದರೆ ಪೆಟ್ಟಿ ಚರಕ ಇಡಬಹುದು.

ಚರಕದ ಜತೆಗೇ ಎರಡು ಕದಿರು, ನಾಲ್ಕೈದು ಗಜ ದಾರ ಹೆಚ್ಚುವರಿ ತೆಗೆದುಕೊಳ್ಳಿ. ಮಕ್ಕಳ ಕೈಯಲ್ಲಿ ಮೊದಲು ಬಾಗುವುದು ಕದಿರೇ.