ಅಡಿಕೆ ಸಿಪ್ಪೆ ಬೋರ್ಡಿನ ಕಪಾಟು, ಮಳೆಗಾಲ ಕಳೆದ ಮೇಲೆ

ಉಡುಪಿಯ ನಮ್ಮ ಮನೆಯ ಅಡುಗೆಕೋಣೆಗೆ ಅಡಿಕೆ ಸಿಪ್ಪೆಯ ಪಾರ್ಟಿಕಲ್ ಬೋರ್ಡಿನ ಕಪಾಟು ತಂದದ್ದು ಕಡಿಮೆ ಬೆಲೆಗೆ ಸಿಗುತ್ತದೆಂದು. ಅಳತೆ, ದಪ್ಪ, ಬಣ್ಣ ಎಲ್ಲ ಮಾರುವವರ ಪಟ್ಟಿಯಲ್ಲಿದೆ, ಅದು ಬಿಡಿ.

ನಡುವಿನ ಶೆಲ್ಫಿನಲ್ಲಿ ಮಾವಿನ ಮಿಡಿಯ ಭರಣಿ, ಕುಚ್ಚಲಕ್ಕಿ ಡಬ್ಬ, ಹಪ್ಪಳದ ಡಬ್ಬ ಒತ್ತೊತ್ತಾಗಿ ಕೂತಿವೆ. ಹಲಗೆ ಒಂಚೂರೂ ಬಗ್ಗಿಲ್ಲ. ಮಿಕ್ಸಿಯ ವಯರ್ ಹಾಯಿಸಲು ಆಚಾರಿ ತೂತು ಕೊರೆದಾಗ ಒಳಗಿನದು ಕಂಡಿತು: ಒಂದರೊಳಗೊಂದು ಹೆಣೆದುಕೊಂಡ ಕಂದು ನಾರು, ನಡುನಡುವೆ ಸಿಪ್ಪೆಯ ನುಣುಪು ಚೂರು. ನಮ್ಮ ತೋಟದಲ್ಲಿ ಸುಲಿದ ಸಿಪ್ಪೆ ಅಂಗಳದ ಮೂಲೆಯಲ್ಲಿ ರಾಶಿ ಬಿದ್ದು, ಅರ್ಧ ಬಚ್ಚಲೊಲೆಗೆ ಹೋಗಿ, ಉಳಿದದ್ದು ಮಳೆಗೆ ಕೊಳೆಯುತ್ತದೆ. ಅದೇ ಸಿಪ್ಪೆಯನ್ನು ಪುಡಿ ಮಾಡಿ, ಒಣಗಿಸಿ, ಅಂಟು ಬೆರೆಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಇಂಥ ಹಲಗೆ! ನನಗೆ ಈಗಲೂ ಖುಷಿಯೇ.

ಸಿಟ್ಟು ಬರುವುದು ಕೆಳಗೆ ಬಗ್ಗಿ ನೋಡಿದಾಗ. ಮುಂದಿನ ಅಂಚಿಗೆ ಪಿವಿಸಿ ಪಟ್ಟಿ ಚೆಂದಕ್ಕೆ ಅಂಟಿಸಿದ್ದಾರೆ. ನೆಲಕ್ಕೆ ತಾಗುವ ಅಂಚು ಯಾರಿಗೂ ಕಾಣುವುದಿಲ್ಲವೆಂದು ಹಾಗೇ ಬಿಟ್ಟಿದ್ದಾರೆ. ನೆಲ ಒರೆಸಿದ ನೀರು ಏರುವುದೇ ಅಲ್ಲಿಂದ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಊರಿದು, ಜಡಿಮಳೆಯ ಆಟಿ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಒತ್ತಿ ಕೂರಿಸಿದ ಚೂರುಗಳು ನೀರು ಕುಡಿದು ಉಬ್ಬಿದವು, ಒಣಗಿದ ಮೇಲೂ ಇಳಿಯಲಿಲ್ಲ. ಕೆಳಗಿನ ಹಿಂಜಿನ ಸ್ಕ್ರೂ ಬೆರಳಲ್ಲೇ ತಿರುಗತೊಡಗಿತು. ದೂರು ಕೊಟ್ಟರೆ ‘ನೀರು ತಾಗಿಸಬಾರದಿತ್ತು’ ಎಂದರು. ಅಡುಗೆಕೋಣೆಗೆಂದೇ ಮಾರಿದ ಕಪಾಟಿಗೆ ಇದು ಉತ್ತರವೇ? ಇಂಥ ಅಗ್ಗದ ಬೋರ್ಡಿಗೆ ಸಾಮಾನ್ಯವಾಗಿ ಬೆರೆಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ತೇವಕ್ಕೆ ಬಾಳುವುದಿಲ್ಲವೆಂದು ಬೋರ್ಡು ಮಾಡುವವರಿಗೆಲ್ಲ ಗೊತ್ತು. ಕರಾವಳಿಯಲ್ಲಿ ಮಾರುವುದಾದರೆ ಮೆಲಮೈನ್ ಬೆರೆತ ಅಂಟೋ ಫೀನಾಲಿನ ಅಂಟೋ ಬಳಸಲಿ, ನಾಲ್ಕೂ ಅಂಚು ಮುಚ್ಚಲಿ. ಸಿಪ್ಪೆಯದ್ದೇನೂ ತಪ್ಪಿಲ್ಲ ಇದರಲ್ಲಿ.

ಕೊನೆಗೆ ಆಚಾರಿಯೇ ಉಬ್ಬಿದ ಭಾಗ ಕತ್ತರಿಸಿ, ಅಂಚಿಗೆ ಎಪಾಕ್ಸಿ ಬಳಿದು, ಪ್ಲಾಸ್ಟಿಕ್ ಕಾಲು ಕೂರಿಸಿ, ಹಿಂಜನ್ನು ತುಸು ಮೇಲೆ ಸರಿಸಿಕೊಟ್ಟರು. ಬೆಳಿಗ್ಗೆ ನೆಲ ಒರೆಸಿದ ಮೇಲೆ ಹಳೇ ಬೈರಾಸು ಮಡಚಿ ಆ ಕಾಲುಗಳ ಸುತ್ತ ಒತ್ತುತ್ತೇನೆ, ಮೂಲೆಗೆ ಬೆರಳು ಹಾಕಿ ಪಸೆ ಉಳಿದಿದೆಯೇ ನೋಡುತ್ತೇನೆ. ಆಮೇಲೆ ಉಬ್ಬಿಲ್ಲ. ನೀರಿಗೆ ಬಾಳುವ ಮರೈನ್ ಪ್ಲೈವುಡ್ ನಮ್ಮ ಬಜೆಟ್ಟಿಗೆ ಎಟುಕುವಂಥದ್ದಲ್ಲ, ಹಾಗಾಗಿ ಚಾವಡಿಯ ಪುಸ್ತಕದ ಕಪಾಟಿಗೂ ಇದೇ ಬೋರ್ಡು ತರುತ್ತೇನೆ. ಕತ್ತರಿಸದ ಹಲಗೆ ಮಾತ್ರ ಕೊಂಡು, ಅಂಚಿನ ಕೆಲಸ ನಮ್ಮ ಆಚಾರಿಯಿಂದಲೇ ಮಾಡಿಸುವುದು. ಸಿಂಕಿನ ಕೆಳಗೆ ಇಡಲು ಹುಡುಕುತ್ತಿದ್ದರೆ ಇದನ್ನು ಕೊಳ್ಳಬೇಡಿ.