ಮೂರು ಸೂರಿಗೆ ಮೂರು ದೋಣಿ: ನಾಲ್ಕು ಮಳೆಗಾಲ ಕಂಡ ಮೇಲೆ

ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಹಂಚಿನ ಮನೆ. ಮುಂದೆ ಕಾಫಿ ಕಣ, ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ), ಸುತ್ತ ತೋಟ. ಮಾಡಿನ ಮಳೆನೀರು ಹಿಡಿಯಲು ಅಪ್ಪ ಸೂರಿಗೆ ಹಾಕಿಸಿದ್ದ ಜಿಐ (ಸತು ಲೇಪಿಸಿದ ಕಬ್ಬಿಣ) ಶೀಟಿನ ದೋಣಿ ಹದಿನೈದು ಮಳೆಗಾಲ ಕಂಡಿತ್ತು. 2020ರ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ಒಂದು ರಾತ್ರಿ ಅಡುಗೆಮನೆ ಗೋಡೆ ಮುಟ್ಟಿದರೆ ಒದ್ದೆ. ಟಾರ್ಚ್ ಹಿಡಿದು ಹೊರಗೆ ಹೋದೆ. ಅಂಗಳದಿಂದ ನೋಡಿದರೆ ದೋಣಿ ಗಟ್ಟಿಮುಟ್ಟಾಗೇ ಕಾಣುತ್ತಿತ್ತು. ಏಣಿ ಹತ್ತಿ ಇಣುಕಿದಾಗ ಗೊತ್ತಾಯಿತು, ಗೋಡೆ ಕಡೆಯ ಅಂಚು ಉದ್ದಕ್ಕೂ ತುಕ್ಕು ತಿಂದು ಬಾಚಣಿಗೆ ಹಲ್ಲಿನ ಹಾಗಾಗಿತ್ತು. ನೀರು ಅಲ್ಲಿಂದ ಸೂರಿನ ಹಲಗೆಗೆ, ಹಲಗೆಯಿಂದ ಗೋಡೆಗೆ ಸದ್ದಿಲ್ಲದೆ ಇಳಿಯುತ್ತಿತ್ತು. ನಾವು ಮೂರು ಮಳೆಗಾಲ ಅದನ್ನು ಬರೀ ತೇವ ಅಂದುಕೊಂಡು ಸುಣ್ಣ ಬಳಿದಿದ್ದೆವು.

ಬದಲಾಯಿಸೋಣ ಅಂತ ಹೊರಟರೆ ಒಬ್ಬೊಬ್ಬರದು ಒಂದೊಂದು ಮಾತು. ಪಿವಿಸಿ ಹಾಕಿ, ತುಕ್ಕಿನ ಚಿಂತೆಯೇ ಇಲ್ಲ ಅಂದರು ಕೆಲವರು. ಜಿಐ ಬಿಟ್ಟರೆ ನಮ್ಮ ಮಳೆಗೆ ಬೇರೆ ಯಾವುದೂ ನಿಲ್ಲಲ್ಲ ಅಂದರು ಹಳಬರು. ಅಲ್ಯೂಮಿನಿಯಂ ಅಂತ ಇನ್ನೊಂದು ಪಂಗಡ. ಯಾರ ಮಾತನ್ನೂ ತಳ್ಳಿಹಾಕುವ ಹಾಗಿರಲಿಲ್ಲ. ಮನೆಗೆ ಮೂರು ಸೂರಿದೆ. ಮುಂದೆ 40 ಅಡಿ, ಪಡುವಣ ಬದಿಗೆ 28 ಅಡಿ, ಹಿಂದೆ ಅಡುಗೆಮನೆ ಕಡೆ 24 ಅಡಿ. 2021ರ ಮೇ ತಿಂಗಳಲ್ಲಿ ಮುಂದಕ್ಕೆ ಅಲ್ಯೂಮಿನಿಯಂ, ಪಡುವಣಕ್ಕೆ ಹೊಸ ಜಿಐ, ಹಿಂದಕ್ಕೆ ಪಿವಿಸಿ ಹಾಕಿಸಿದೆ. ಆಮೇಲೆ ನಾಲ್ಕು ಮಳೆಗಾಲ ಮೂರನ್ನೂ ಗಮನಿಸಿದೆ.

ಮೊದಲು ನೀರಿನ ಲೆಕ್ಕ ಹೇಳುತ್ತೇನೆ. ಅದಿಲ್ಲದೆ ಅಂಗಡಿಗೆ ಹೋದರೆ ಅವರು ತೋರಿಸಿದ್ದೇ ದೋಣಿ. ತೋಟದವರಿಗೆ ಮಳೆ ಅಂದರೆ ಇಂಚಿನ ಲೆಕ್ಕ ಅಲ್ವಾ, ಅದರಲ್ಲೇ ನೋಡೋಣ. ಮಾಡಿನ ಒಂದು ಮುಖ 600 ಚದರಡಿ ಜಾಗ ಮುಚ್ಚಿದೆ ಅಂದುಕೊಳ್ಳಿ. ಅದರ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1,400 ಲೀಟರ್ ನೀರು. ನಮ್ಮ ಕಡೆ ಜುಲೈನಲ್ಲಿ ದಿನಕ್ಕೆ ನಾಲ್ಕೈದು ಇಂಚು ಸುರಿಯುವುದು ಹೊಸದೇನಲ್ಲ. ಅಂದರೆ ಮನೆಯ ಒಂದೇ ಬದಿಯಿಂದ ಒಂದೇ ದಿನ ಆರೇಳು ಸಾವಿರ ಲೀಟರ್. ಅದೂ ದಿನವಿಡೀ ಹಂಚಿಕೊಂಡು ಬರಲ್ಲ. ಅರ್ಧ ಗಂಟೆ ಕಲ್ಲು ಸುರಿದ ಹಾಗೆ ಹೊಯ್ದು, ಆಮೇಲೆ ಜಿನುಗುತ್ತದೆ. ದೋಣಿಗೆ ಪರೀಕ್ಷೆ ಆ ಅರ್ಧ ಗಂಟೆಯಲ್ಲೇ.

ಆಕಾರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಆರು ಇಂಚು ಅಗಲದ ಅರ್ಧ ಉರುಟು ಪಿವಿಸಿ ದೋಣಿಯನ್ನು ಅಡ್ಡ ಕೊಯ್ದರೆ ಒಳಗೆ ಸಿಗುವ ಜಾಗ 14 ಚದರ ಇಂಚು. ಅದೇ ಆರು ಇಂಚು ಅಗಲ, ನಾಲ್ಕು ಇಂಚು ಆಳದ ಪೆಟ್ಟಿಗೆ ಆಕಾರದಲ್ಲಿ 24. ಎರಡನ್ನೂ ಅಂಗಡಿಯವರು 'ಆರಿಂಚು' ಅಂತಲೇ ಹೇಳಿ ಮಾರುತ್ತಾರೆ. ಜಿಐಯಲ್ಲಾದರೆ ನಾವು ಹೇಳಿದ ಅಳತೆಗೆ ಬಗ್ಗಿಸಿ ಕೊಡುತ್ತಾರೆ. ನಾನು ಏಳು ಇಂಚು ಅಗಲ, ಐದು ಇಂಚು ಆಳ ಹೇಳಿದ್ದೆ. ಪಡುವಣ ಗಾಳಿಗೆ ಮಳೆ ಎರಚುವ ಬದಿ ಅದು. ಅಲ್ಲಿ ಆ ಅಗಲ ನಿಜಕ್ಕೂ ಉಪಯೋಗಕ್ಕೆ ಬಂತು.

ಪಿವಿಸಿ ಬಗ್ಗೆ ಮೊದಲ ವರ್ಷ ನನಗೆ ಬಹಳ ಖುಷಿ ಇತ್ತು. ಹಗುರ, ಒಬ್ಬನೇ ಎತ್ತಬಹುದು, ಜೀಪಿನ ಮೇಲೆ ಹಾಕಿಕೊಂಡು ಬರಬಹುದು. ಒಂದು ಕಡೆ ಹೋದರೆ ಆ ತುಂಡು ಮಾತ್ರ ಬದಲಾಯಿಸಿದರಾಯಿತು. ಮಳೆಯ ಸದ್ದು ಕೂಡ ಮೆತ್ತಗೆ. ತೊಂದರೆ ಶುರುವಾಗಿದ್ದು ಎರಡನೇ ಜೂನ್‌ನಲ್ಲಿ, ಜೋಡಣೆಯಲ್ಲಿ. 24 ಅಡಿಗೆ ಎರಡು ಜೋಡಣೆ. ಎರಡರಲ್ಲೂ ಕಪ್ಪು ರಬ್ಬರ್ ಪಟ್ಟಿ ಇರುತ್ತದೆ. ಒಂದನ್ನು ಬಿಚ್ಚಿ ನೋಡಿದೆ. ಪಟ್ಟಿ ಒಂದು ಬದಿಗೆ ಸುರುಳಿ ಸುತ್ತಿಕೊಂಡಿತ್ತು. ಅದರ ಕೆಳಗೆ ನುಣ್ಣನೆ ಕೆಸರು, ಕೆಸರಿನಲ್ಲಿ ಕೂದಲಿನಷ್ಟು ಸಣ್ಣ ಬೇರು. ಮೇಲೆ ಬೆರಳುದ್ದದ ಜರೀಗಿಡ ಆಗಲೇ ಎದ್ದಿತ್ತು.

ಕಾರಣ ಬಿಸಿಲು. ಬಿಸಿ ತಟ್ಟಿದರೆ ಪಿವಿಸಿ ಹಿಗ್ಗುತ್ತದೆ, ತಂಪಾದರೆ ಕುಗ್ಗುತ್ತದೆ. ಹತ್ತು ಮೀಟರ್ ಉದ್ದಕ್ಕೆ 20 ಡಿಗ್ರಿ ವ್ಯತ್ಯಾಸ ಆದರೆ ಸುಮಾರು 12ರಿಂದ 14 ಮಿಲಿಮೀಟರ್ ಓಡಾಟ. ಅಲ್ಯೂಮಿನಿಯಂ ಅಷ್ಟೇ ಉದ್ದಕ್ಕೆ 5 ಮಿಲಿಮೀಟರ್ ಒಳಗೆ, ಜಿಐ ಎರಡು ಮೂರು ಅಷ್ಟೇ. ಮಾರ್ಚ್‌ನ ಬಿಸಿಲಿಗೆ ತುಂಡುಗಳು ಒಂದನ್ನೊಂದು ತಳ್ಳುತ್ತವೆ. ಜೂನ್‌ನ ಥಂಡಿಗೆ ಹಿಂದೆ ಸರಿಯುತ್ತವೆ. ರಬ್ಬರ್ ಪಟ್ಟಿ ನಡುವೆ ಸಿಕ್ಕಿ ಜಾಗ ಬಿಡುತ್ತದೆ. ಜೋಡಿಸುವಾಗ ಜೋಡಣೆಯೊಳಗೆ ಗುರುತು ಹಾಕಿರುವಷ್ಟು ಸಂದು ಬಿಡಲೇಬೇಕು. ನಮ್ಮ ಕೆಲಸದವರು ಬಿಟ್ಟಿರಲಿಲ್ಲ, ಗಟ್ಟಿಯಾಗಿ ಒತ್ತಿ ಕೂರಿಸಿದ್ದರು. ಕೊಕ್ಕೆಗಳನ್ನೂ ಮೂರು ಅಡಿಗೊಂದು ಹೊಡೆದಿದ್ದರು. ಎರಡು ಅಡಿಗೊಂದು ಬೇಕಿತ್ತು. ನಡುವೆ ಹೊಟ್ಟೆ ಬಿಟ್ಟು, ಅಲ್ಲಿ ನೀರು ನಿಂತು, ಸೊಳ್ಳೆ ಮರಿ ಆಡುವುದನ್ನು ಕಣ್ಣಾರೆ ಕಂಡೆ. ಡೆಂಗಿ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಹಾಗಾಗಿ ಪಿವಿಸಿ ಕೆಟ್ಟದು ಅಂತ ಹೇಳಲಾರೆ. ಜೋಡಣೆ ಇಲ್ಲದ ಹತ್ತು ಹನ್ನೆರಡು ಅಡಿ ಸೂರಿಗೆ, ನೆರಳಿನ ಜಾಗಕ್ಕೆ, ಈಗಲೂ ನಾನು ಅದನ್ನೇ ಹಾಕಿಸುತ್ತೇನೆ. ಆದರೆ ಆರಿಂಚಿನ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ದೋಣಿ ಮಾಡುವುದು ಮಾತ್ರ ಬೇಡ. ದನದ ಕೊಟ್ಟಿಗೆಗೆ ಹಾಗೆ ಮಾಡಿದ್ದೆವು. ಸೀಳಿದ ಕೂಡಲೇ ಬಾಯಿ ಮುಚ್ಚಿಕೊಳ್ಳಲು ನೋಡುತ್ತದೆ, ಒಂದು ಬೇಸಿಗೆ ಕಳೆದರೆ ಹಗ್ಗದ ಹಾಗೆ ತಿರುಚಿಕೊಳ್ಳುತ್ತದೆ. ಅದೇ ಕೊಟ್ಟಿಗೆಗೆ ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿ ಮಾಡಿದ ದೋಣಿ) ಇತ್ತಂತೆ. ಎರಡು ವರ್ಷಕ್ಕೊಮ್ಮೆ ಹೊಸ ದಬ್ಬೆ ಕಟ್ಟಿ, ಸೂರಿನ ನೀರನ್ನು ಹಂಡೆಗೆ ಬಿಡುತ್ತಿದ್ದರು. ಅಡಿಕೆ ಮರ ಇದ್ದವರಿಗೆ ಕೊಟ್ಟಿಗೆಗೆ ಅದು ಈಗಲೂ ಸಾಕು.

ಜಿಐ ದೋಣಿಗೆ 24 ಗೇಜ್ ಶೀಟು ಹಾಕಿಸಿದೆ. ಅಂಗಡಿಯಲ್ಲಿ 26 ಕೊಡಲು ನೋಡಿದರು. ಗೇಜ್ ನಂಬರ್ ಜಾಸ್ತಿಯಾದಷ್ಟೂ ಶೀಟು ತೆಳು, ಅದು ನೆನಪಿರಲಿ. ಈ ಬದಿಯಲ್ಲಿ ಹಲಸಿನ ಮರ ಇದೆ. ಎರಡನೇ ವರ್ಷ ಹಣ್ಣೊಂದು ಸೀದಾ ದೋಣಿ ಅಂಚಿಗೆ ಬಿತ್ತು. ಅಂಚು ಬಗ್ಗಿತು, ಮುರಿಯಲಿಲ್ಲ. ಮರದ ತುಂಡು ಒಳಗಿಟ್ಟು ಸುತ್ತಿಗೆಯಲ್ಲಿ ತಟ್ಟಿ ಸರಿ ಮಾಡಿದೆ. ಪಿವಿಸಿ ಆಗಿದ್ದರೆ ಆ ತುಂಡೇ ಹೋಗುತ್ತಿತ್ತು. ಗಟ್ಟಿತನದಲ್ಲಿ ಜಿಐಗೆ ಸಾಟಿ ಇಲ್ಲ.

ಆದರೆ ಅದು ಮಗುವಿನ ಹಾಗೆ, ವರ್ಷಾ ವರ್ಷಾ ನೋಡಿಕೊಳ್ಳಬೇಕು. ಕೊಳೆತ ಎಲೆ ಒದ್ದೆಯಾಗಿ ಒಳಗೇ ಕೂತರೆ ಸತುವಿನ ಲೇಪ ಬೇಗ ಹೋಗುತ್ತದೆ. ರಿವೆಟ್ ಹೊಡೆದ ತೂತು, ಕತ್ತರಿಸಿದ ಅಂಚು, ಇವೆರಡು ಕಡೆ ಮೊದಲು ತುಕ್ಕು ಕಾಣುವುದು. ಪ್ರತಿ ಏಪ್ರಿಲ್‌ನಲ್ಲಿ ತಂತಿ ಬ್ರಷ್‌ನಲ್ಲಿ ಉಜ್ಜಿ, ಒಳಗೆ ಟಾರು ಬಣ್ಣ ಹೊಡೆಯುತ್ತಿದ್ದೆ. ಮೂರನೇ ವರ್ಷ ಮನೆಯಲ್ಲಿ ಮದುವೆ ಓಡಾಟದಲ್ಲಿ ಬಿಟ್ಟುಹೋಯಿತು. ಆ ಒಂದೇ ವರ್ಷಕ್ಕೆ ರಿವೆಟ್‌ಗಳ ಸುತ್ತ ಕಂದು ಉಂಗುರ ಮೂಡಿತು. ಅಪ್ಪನ ದೋಣಿ ಹದಿನೈದು ವರ್ಷ ಬಂದಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಅವರು ಏಣಿ ಹತ್ತುವ ಶಕ್ತಿ ಇರುವವರೆಗೂ ಒಂದು ವರ್ಷವೂ ಬಿಟ್ಟವರಲ್ಲ.

ಇನ್ನು ಅಲ್ಯೂಮಿನಿಯಂ. ಸುರುಳಿ ಶೀಟು ಮತ್ತು ಮೆಷಿನ್ ಎರಡನ್ನೂ ಪಿಕಪ್‌ನಲ್ಲಿ ತಂದು, ನಮ್ಮ ಕಣದಲ್ಲೇ ನಿಂತು ಬಗ್ಗಿಸಿ ಕೊಟ್ಟರು. 40 ಅಡಿ ಉದ್ದದ ಒಂದೇ ತುಂಡು, ನಡುವೆ ಒಂದೂ ಜೋಡಣೆ ಇಲ್ಲದೆ ಮೆಷಿನ್ ಬಾಯಿಯಿಂದ ಹೊರಗೆ ಬಂತು. ಆರು ಜನ ಹಿಡಿದು ಎತ್ತಿದೆವು. ಭಾರಕ್ಕಲ್ಲ, ನಡುವೆ ಬಾಗದಿರಲಿ ಅಂತ. ನನಗೆ ಸಿಕ್ಕ ದರದಲ್ಲಿ ಅಡಿ ಲೆಕ್ಕಕ್ಕೆ ಪಿವಿಸಿಯ ಎರಡರಷ್ಟಕ್ಕಿಂತ ಜಾಸ್ತಿ ಬಿತ್ತು. ನಾಲ್ಕು ವರ್ಷದಲ್ಲಿ ಈ ಉದ್ದದಲ್ಲಿ ಎಲ್ಲೂ ಸೋರಿಲ್ಲ, ಯಾಕೆಂದರೆ ಸೋರಲು ಜಾಗವೇ ಇಲ್ಲ. ಎರಡು ತುದಿಯ ಮುಚ್ಚಳಕ್ಕೆ ಮಾತ್ರ ಮೂರನೇ ವರ್ಷ ಮತ್ತೆ ಸೀಲೆಂಟ್ ಹಚ್ಚಿದೆ.

ತಪ್ಪು ಇಲ್ಲಿಯೂ ಇದೆ. ಶೀಟು ಮೆದು. ಏಣಿ ಒರಗಿಸಿದ ಕಡೆಯೆಲ್ಲ ಗುಳಿ. ಮೊದಲು ಸಾಮಾನ್ಯ ಕಬ್ಬಿಣದ ಸ್ಕ್ರೂ ಹಾಕಿದ್ದರು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಸ್ಕ್ರೂ ತುಕ್ಕು ಹಿಡಿದು, ಸುತ್ತಲಿನ ಅಲ್ಯೂಮಿನಿಯಂ ಮೇಲೆ ಉಪ್ಪಿನಂಥ ಬಿಳಿ ಹುಡಿ ಬಂದಿತ್ತು. ಎರಡು ಬೇರೆ ಲೋಹ ಒದ್ದೆಯಲ್ಲಿ ತಾಗಿಕೊಂಡರೆ ಹೀಗಾಗುತ್ತದೆ. ಎಲ್ಲ ಬಿಚ್ಚಿ, ನೈಲಾನ್ ವಾಷರ್ ಕೊಟ್ಟು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿದೆ. ಹಸಿ ಸಿಮೆಂಟು, ಸುಣ್ಣವೂ ಅದಕ್ಕೆ ಆಗಲ್ಲ. ಗೋಡೆ ಗಾರೆ ಕೆಲಸ ಇದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ. ಇನ್ನೊಂದು, ಪಿಕಪ್ ಮನೆ ತನಕ ಬರುವ ದಾರಿ ಬೇಕು. ಜೂನ್ ಬಂತು ಅಂದರೆ ನಮ್ಮ ಎಷ್ಟೋ ಮನೆಗಳ ದಾರಿಗೆ ಜೀಪು ಬಿಟ್ಟು ಬೇರೆ ಹತ್ತಲ್ಲ.

ಮೊದಲ ಮಳೆಗಾಲದಲ್ಲಿ ಈ ಅಲ್ಯೂಮಿನಿಯಂ ದೋಣಿಯೇ ಜೋರು ಮಳೆಗೆ ತುಂಬಿ ಚೆಲ್ಲುತ್ತಿತ್ತು. ದುಡ್ಡು ಹಾಳಾಯಿತಲ್ಲ ಅಂತ ಬೇಜಾರಾಯಿತು. ರೈನ್‌ಕೋಟ್ ಹಾಕಿ ಏಣಿ ಹತ್ತಿ ನೋಡಿದರೆ ದೋಣಿಯದ್ದು ತಪ್ಪೇ ಅಲ್ಲ. 40 ಅಡಿಗೆ ಒಂದೇ ಕಡೆ, ಮೂರು ಇಂಚಿನ ಇಳಿ ಪೈಪು ಕೊಟ್ಟಿದ್ದರು. ಅದರ ಬಾಯಿಗೆ ಜಾಲರಿ ಬುಟ್ಟಿ ಬೇರೆ. ಸಿಲ್ವರ್ ಓಕ್ ಎಲೆ ನಿಮಗೆ ಗೊತ್ತಲ್ಲ, ಜರೀ ಎಲೆ ಹಾಗೆ ಸೀಳು ಸೀಳು. ನಾಲ್ಕು ಎಲೆ ಸಿಕ್ಕಿಕೊಂಡರೆ ಚಾಪೆ ಹೆಣೆದ ಹಾಗೆ ಮುಚ್ಚಿಬಿಡುತ್ತದೆ. ದೋಣಿ ಪೂರ್ತಿ ತುಂಬಿದರೆ ಅಡಿಗೆ ಹತ್ತಿರ ಹತ್ತಿರ ಐದು ಕಿಲೋ ನೀರು. 40 ಅಡಿಗೆ ಸುಮಾರು 190 ಕಿಲೋ ಸೂರಿನ ಹಲಗೆಗೆ ಜೋತಾಡುತ್ತದೆ. ಜಾಲರಿ ಕಿತ್ತು ಹಾಕಿದೆ. ಎರಡು ತುದಿಗೂ ನಾಲ್ಕು ಇಂಚಿನ ಪೈಪು ಕೊಟ್ಟೆ. ನಡುವೆ ಎತ್ತರ ಇಟ್ಟು, ಎರಡೂ ಕಡೆಗೆ 20 ಅಡಿಗೆ ಒಂದು ಇಂಚು ಇಳಿಜಾರು ಮಾಡಿಸಿದೆ. ಆಮೇಲೆ ಅದು ಚೆಲ್ಲಿದ್ದನ್ನು ನಾನು ಕಂಡಿಲ್ಲ. ದೋಣಿಯ ಮೇಲೆ ಉದ್ದಕ್ಕೂ ಹೊದಿಸುವ ಬಲೆಯನ್ನೂ ಒಂದು ವರ್ಷ ನೋಡಿದೆ. ಹಂಚಿನಿಂದ ಜಾರುವ ಪಾಚಿ ತುಂಡುಗಳು ಅದರ ಮೇಲೆ ಕೂತು, ನೀರು ಒಳಗೆ ಬೀಳದೆ ಮೇಲಿಂದಲೇ ಹಾರಿ ಹೋಗುತ್ತಿತ್ತು. ತಿಂಗಳಿಗೊಮ್ಮೆ ಕೈ ಹಾಕಿ ತೆಗೆಯುವುದೇ ವಾಸಿ.

ಯಾವುದೇ ದೋಣಿ ಇರಲಿ, ಗೋಡೆ ಕಡೆಯ ಅಂಚಿಗಿಂತ ಹೊರಗಿನ ಅಂಚು ಅರ್ಧ ಇಂಚಾದರೂ ತಗ್ಗಿರಲಿ. ತುಂಬಿದಾಗ ನೀರು ಅಂಗಳಕ್ಕೆ ಚೆಲ್ಲಬೇಕು, ಗೋಡೆಗಲ್ಲ. ಈ ಸಣ್ಣ ವಿಷಯ ಮೊದಲೇ ಗೊತ್ತಿದ್ದರೆ ಅಪ್ಪನ ಅಡುಗೆಮನೆ ಗೋಡೆ ಉಳಿಯುತ್ತಿತ್ತು.

ಇಷ್ಟೆಲ್ಲ ಆದ ಮೇಲೂ ನನ್ನ ನಿದ್ದೆ ಕೆಡಿಸಿದ್ದು ಹಿಂದಿನ ಸೂರು. ಅಲ್ಲಿನ ಇಳಿ ಪೈಪನ್ನು ಬರೆಯ ಬುಡಕ್ಕೆ ಬಿಟ್ಟಿದ್ದರು. ದಿನಕ್ಕೆ ಸಾವಿರಾರು ಲೀಟರ್ ಅದೇ ಜಾಗದಲ್ಲಿ ಇಂಗುತ್ತಿತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದದ್ದನ್ನು ಕಂಡ ಯಾರಿಗೂ ನೆನೆದ ಬರೆ ನೋಡಿ ಸುಮ್ನೆ ಇರಲು ಆಗಲ್ಲ. ಬುಡ ಮೆತ್ತಗಾದರೆ ಮೇಲಿನ ಮಣ್ಣಿಗೆ ಆಸರೆ ಎಲ್ಲಿ? ದೋಣಿ ಖರ್ಚಿಗಿಂತ ಮೊದಲು ಇದಕ್ಕೆ ದುಡ್ಡು ಇಡಬೇಕಿತ್ತು ಅಂತ ಈಗ ಅನಿಸುತ್ತದೆ. ನಾಲ್ಕು ಇಂಚಿನ ಪೈಪನ್ನು ಮನೆ ಬದಿಯಿಂದ 60 ಅಡಿ ಎಳೆದು, ಕಲ್ಲು ಕಟ್ಟಿದ ಚರಂಡಿಗೆ ಸೇರಿಸಿದೆ. ಅಲ್ಲಿಂದ ನೀರು ಕೆಳಗಿನ ತೋಡಿಗೆ ಹೋಗುತ್ತದೆ. ಹೊಸ ದೋಣಿ ಹಾಕಿಸುವವರು ಬೆಲೆ ಕೇಳುವಾಗಲೇ ಈ ಪೈಪಿನ ಉದ್ದವನ್ನೂ ಸೇರಿಸಿ ಕೇಳಿ.

ಮುಂದಿನ ಮಳೆಗಾಲದ ಒಳಗೆ ಹಿಂದಿನ ಪಿವಿಸಿ ತೆಗೆಸಿ ಅಲ್ಲಿಗೂ ಅಲ್ಯೂಮಿನಿಯಂ ಹಾಕಿಸುತ್ತಿದ್ದೇನೆ. ಮಾರ್ಚ್‌ನಲ್ಲಿ, ಕಣದಲ್ಲಿ ಕಾಫಿ ಒಣಗಿ ಮುಗಿದ ಮೇಲೆ ಮೆಷಿನ್ ತರಲು ಹೇಳಿದ್ದೇನೆ. ಪಡುವಣದ ಜಿಐ ಅಲ್ಲೇ ಇರಲಿ. ಹಲಸಿನ ಮರ ಕಡಿಯಲು ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ, ಹಣ್ಣಿನ ಪೆಟ್ಟು ತಡೆಯುವುದು ಜಿಐ ಒಂದೇ. ಬಿಚ್ಚಿದ ಪಿವಿಸಿಯಲ್ಲಿ ಸರಿಯಿರುವ ಎರಡು ತುಂಡು ಕೋಳಿಗೂಡಿನ ಎರಡು ಬದಿಗೆ ಸಾಕು. ಅಲ್ಲಿ ಒಂದು ಬದಿಗೆ ಎಂಟೇ ಅಡಿ, ಜೋಡಣೆ ಬೇಡ.