ಒಂದೇ ರಕ್ತ, ಮೂರು ಕ್ಯಾಲ್ಸಿಯಂ

ಬಸುರಿನ ಏಳನೇ ತಿಂಗಳಲ್ಲಿ ರಾತ್ರಿ ಹೊತ್ತು ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು. ವಿರಾಜಪೇಟೆಯಲ್ಲಿ ಟೋಟಲ್ ಕ್ಯಾಲ್ಸಿಯಂ, ಅಂದರೆ ರಕ್ತದಲ್ಲಿರುವ ಒಟ್ಟು ಕ್ಯಾಲ್ಸಿಯಂ ಟೆಸ್ಟ್ ಮಾಡಿಸಿದೆ. 8.2 ಮಿಲಿಗ್ರಾಂ, ಪಕ್ಕದಲ್ಲಿ ದಪ್ಪಕ್ಷರದ 'ಎಲ್'. ಕಡಿಮೆ ಅಂತ ಅರ್ಥ. ಅತ್ತೆ ಅವತ್ತೇ ಗದ್ದೆಯಿಂದ ಏಡಿ ಹಿಡಿಸಿ ಸಾರು ಮಾಡಿದರು. ಸಾರು ಚೆನ್ನಾಗಿತ್ತು, ಅದು ಬೇರೆ ಮಾತು.

ಈ ಟೆಸ್ಟ್ ಸಿಗುವುದು ಸುಲಭ, ದಾರಿ ತಪ್ಪಿಸುವುದೂ ಸುಲಭ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಶೇ. 40 ಪ್ರೋಟೀನಿಗೆ, ಅದರಲ್ಲೂ ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಸ್ನಾಯು, ನರಗಳಿಗೆ ಬೇಕಾದದ್ದು ಬಿಡಿಯಾಗಿ ಓಡಾಡುವ ಅರ್ಧದಷ್ಟು ಪಾಲು. ಬಸುರಿಯ ರಕ್ತದಲ್ಲಿ ನೀರಿನಂಶ ಜಾಸ್ತಿಯಾಗಿ ಆಲ್ಬುಮಿನ್ ಇಳಿಯುತ್ತದೆ, ಅದರ ಜೊತೆ ಟೋಟಲ್ ಕೂಡ. ಬಿಡಿ ಪಾಲು ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಾನು ಬಸುರಿ ಅಂತ ಆ 'ಎಲ್'ಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಎರಡನೆಯದು, ಆಲ್ಬುಮಿನ್ ಇಳಿದದ್ದನ್ನು ಸರಿದೂಗಿಸುವ ಕಾಗದದ ಮೇಲಿನ ಲೆಕ್ಕ. ಆಲ್ಬುಮಿನ್ ಅನ್ನು 4ರಿಂದ ಕಳೆದು, 0.8ರಿಂದ ಗುಣಿಸಿ, ಟೋಟಲ್‌ಗೆ ಕೂಡಿಸಬೇಕು. ನನ್ನ ಆಲ್ಬುಮಿನ್ 3.0, ಹಾಗಾಗಿ 8.2 ಹೋಗಿ 9.0 ಆಯಿತು. ಖರ್ಚು ಕಡಿಮೆ, ಆದರೆ ಅಂದಾಜು ಅಷ್ಟೇ.

ಮೂರನೆಯದು ಅಯಾನೈಸ್ಡ್ ಕ್ಯಾಲ್ಸಿಯಂ. ಬಿಡಿ ಪಾಲನ್ನೇ ಅಳೆಯುತ್ತಾರೆ, ಲೆಕ್ಕ ಮಿಲಿಗ್ರಾಂ ಬದಲು ಮಿಲಿಮೋಲ್ ಎಂಬ ಬೇರೆ ಅಳತೆಯಲ್ಲಿ. ಮೊದಲ ಸಲ ಇಲ್ಲೇ ರಕ್ತ ಕೊಟ್ಟೆ. ಅರ್ಧ ತುಂಬಿದ ಟ್ಯೂಬ್ ಮಳೆಯಲ್ಲಿ ಮೈಸೂರಿಗೆ ಹೋಯಿತು. ಬಂದದ್ದು 1.05, ಕಡಿಮೆ. ಡಾಕ್ಟರ್ ಕೇಳಿದ್ದು ಒಂದೇ ಮಾತು, "ಟ್ಯೂಬ್ ಪೂರ್ತಿ ತುಂಬಿತ್ತಾ?" ಗಾಳಿ ತಾಗಿದರೆ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ರಕ್ತ ಕ್ಷಾರದ ಕಡೆ ತಿರುಗುತ್ತದೆ, ಆಲ್ಬುಮಿನ್ ಇನ್ನಷ್ಟು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಬಿಡಿ ಪಾಲು ಕಡಿಮೆ ಬರುತ್ತದೆ. ಎರಡನೇ ಸಲ ನಾನೇ ಮೈಸೂರಿಗೆ ಹೋದೆ. ನರ್ಸ್ ಸಿರಿಂಜನ್ನು ಬೆರಳಲ್ಲಿ ತಟ್ಟಿ ಗುಳ್ಳೆ ಹೊರಗೆ ಹಾಕಿ, ಕೈಯಲ್ಲೇ ಹಿಡಿದುಕೊಂಡು ಮೆಷಿನ್ ಹತ್ತಿರ ಓಡಿದಳು. 1.19. ಸರಿಯಾಗಿಯೇ ಇತ್ತು.

ಮಗುವಿಗೆ ಸಾಕಾಗುತ್ತಾ ಅಂತ ಕೇಳಿದೆ. ಮಾಸು ಕ್ಯಾಲ್ಸಿಯಂ ಅನ್ನು ಎಳೆದೆಳೆದು ಕೊಡುತ್ತದಂತೆ, ಮಗುವಿನ ರಕ್ತದಲ್ಲಿ ತಾಯಿಗಿಂತ ಜಾಸ್ತಿಯೇ ಇರುತ್ತದಂತೆ. ಅಷ್ಟಿದ್ದರೂ ಅದು ಸುಣ್ಣದ ಹಾಗೆ ಕಂಡಕಂಡಲ್ಲಿ ಗಟ್ಟಿಯಾಗದಂತೆ ಹಿಡಿದಿಡಲು ಫೆಟುಯಿನ್ ಎಂಬ ಪ್ರೋಟೀನ್ ಇದೆ. 1944ರಲ್ಲಿ ಅದು ಮೊದಲು ಸಿಕ್ಕಿದ್ದು ಹುಟ್ಟದ ಕರುವಿನ ರಕ್ತದಲ್ಲಿ. ಹುಟ್ಟುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಹೆಚ್ಚಿನದು ಕೊನೆಯ ಮೂರು ತಿಂಗಳಲ್ಲಿ ಸೇರಿದ್ದು.

ನನ್ನನ್ನು ಕೇಳಿದರೆ, ಟೋಟಲ್ ಮತ್ತು ಆಲ್ಬುಮಿನ್ ಒಟ್ಟಿಗೇ ಮಾಡಿಸಿ. ಡಾಕ್ಟರ್ ಅಯಾನೈಸ್ಡ್ ಬೇಕು ಅಂದರೆ ಮೆಷಿನ್ ಇರುವ ಊರಿಗೆ ನೀವೇ ಹೋಗಿ, ಟ್ಯೂಬನ್ನು ಸುಮ್ನೆ ಘಟ್ಟ ಇಳಿಸಬೇಡಿ. ಕಾಲು ಹಿಡಿಯುವುದು ಮಾತ್ರ ಹೆರಿಗೆವರೆಗೂ ನಿಲ್ಲಲಿಲ್ಲ.